ಕಪ್ಪೆ ಮೊದಲೋ, ಬಾತುಕೋಳಿ ಮೊದಲೋ

ಜುಲೈ ೧೯, ಶನಿವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀನೂ ಭಾವನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿ ಎಲ್ಲಿದೆ, ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಯಿತಲ್ಲ! ಕಾಗದ ತಡವಾಯಿತು, ಕ್ಷಮಿಸು. ಭಾವನ ಅಂಗಡಿ ಮುಚ್ಚಿತು ಎಂದು ನೀನು ಅಳುತ್ತಾ ಫೋನ್ ಮಾಡಿದಾಗ ನಾನು "ತುಂಬಾ ಸಂತೋಷ ಕಣೇ ಅಕ್ಕಾ, ಸಿಹಿ ಯಾವಾಗ?" ಎಂದೆನಂತೆ. ನೀನು ಫೋನ್ ಕುಕ್ಕಿದೆಯಂತೆ. ತಮ್ಮ ಬಂದು ಹೇಳಿದ ಮೇಲೆಯೇ ನನಗೆ ವಿಷಯ ತಿಳಿದದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಧೈರ್ಯ ಉಳಿದಿದ್ದರೆ. ಅಲ್ಲಿಯವರೆಗೆ ಹರಿದು ಹಾಕಬೇಡ, ನಡುವೆ ನಗುವ ಸಂಗತಿಗಳಿವೆ.

ಮೊದಲ ಸುದ್ದಿ ಕೇಳು: ನಾನೀಗ ಶಾಲೆಯಲ್ಲಿ ಕೋಡಿಂಗ್ ಮಿಸ್, ಅಂದರೆ ಕಂಪ್ಯೂಟರನ್ನು ಹೇಳಿದಂತೆ ಕುಣಿಸುವುದನ್ನು ಕಲಿಸುವವಳು! ಹೌದು, ರಿಮೋಟನ್ನು ತಿರುಗಾಮುರುಗಾ ಹಿಡಿದು, ಟಿವಿ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದವಳೇ. ಹೆಡ್‌ಮಿಸ್ ಎಲ್ಲರ ಮುಂದೆ "ಎರಡನೇ ಕ್ಲಾಸಿಗೆ ನೀವೇ ಹೇಳಿಕೊಡಿ, ನಿಮಗೂ ಮಕ್ಕಳಿಗೂ ಚೆನ್ನಾಗಿ ಹೊಂದುತ್ತೆ" ಎಂದುಬಿಟ್ಟರು. ಹೊಗಳಿಕೆಗೆ ಉಬ್ಬಿ ಹೂಂ ಅಂದೆ. ತರಬೇತಿ ಕೊಡಲು ಬಂದ ಹುಡುಗಿಗೆ ನನ್ನ ಅರ್ಧ ವಯಸ್ಸೂ ಇಲ್ಲ. "ಹೆದರ್ಬೇಡಿ ಮೇಡಂ, ಇದ್ರಲ್ಲಿ ಏನೂ ಬರೆಯೋದಿಲ್ಲ. ಬಣ್ಣಬಣ್ಣದ ತುಂಡುಗಳಿರ್ತವೆ, ಒಂದಕ್ಕೊಂದು ಸಿಕ್ಕಿಸಿದ್ರೆ ಸಾಕು" ಎಂದಳು.

ನಿಜವೇ. ಕಂಪ್ಯೂಟರಿನಲ್ಲಿ ಒಂದು ಗೊಂಬೆ, ಪಕ್ಕದಲ್ಲಿ 'ನಡೆ', 'ತಿರುಗು', 'ಹೇಳು' ಎಂಬ ತುಂಡುಗಳು. ಸಾಲಾಗಿ ಜೋಡಿಸಿದರೆ ಗೊಂಬೆ ಅದೇ ಸಾಲಿನಲ್ಲಿ ಮಾಡುತ್ತಾ ಹೋಗುತ್ತದೆ. ನನಗೆ ಬಹಳ ಹಿಡಿಸಿದ್ದು 'ಹೇಳು' ತುಂಡು. ಗೊಂಬೆಯ ಮಾತು ಅದರ ತಲೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ನಮ್ಮನೆಯವರ ತಲೆಯ ಮೇಲೂ ಹಾಗೆ ಮೂಡಿದ್ದರೆ! ಇತ್ತೀಚೆಗೆ ಅವರಿಗೆ ಬಾಯೊಳಗೇ ಮಾತಾಡುವ ಚಾಳಿ ಬಂದಿದೆ. ಮೊನ್ನೆ "ಛತ್ರಿ ಎಲ್ಲಿ?" ಅಂದರಂತೆ, ನಾನು ಕತ್ತರಿ ತಂದುಕೊಟ್ಟೆ. "ಇದನ್ನ ಬಿಚ್ಚಿ ತಲೆ ಮೇಲೆ ಹಿಡ್ಕೊಂಡು ಹೋಗ್ಲಾ?" ಎಂದು ರೇಗಿದರು. ಅದು ಮಾತ್ರ ಸ್ಪಷ್ಟವಾಗಿತ್ತು.

ಮಕ್ಕಳನ್ನು ಕಂಪ್ಯೂಟರಿನ ಮುಂದೆ ಕೂರಿಸುವ ಮೊದಲು ಒಂದು ಆಟ ಆಡಿಸಬೇಕು. "ನಾನೀಗ ರೋಬೋಟು. ನೀವು ಹೇಳಿದಷ್ಟೇ ಮಾಡ್ತೀನಿ, ಒಂಚೂರು ಹೆಚ್ಚಿಲ್ಲ, ಒಂಚೂರು ಕಮ್ಮಿಯಿಲ್ಲ" ಎಂದೆ. "ಮುಂದೆ ನಡೀರಿ!" ಎಂದರು. ನಡೆದೆ. ನೋಡು, 'ನಿಲ್ಲಿ' ಎನ್ನುವುದನ್ನೇ ಮಕ್ಕಳು ಮರೆತುಬಿಟ್ಟರು. ನಾನು ಬಿಡುತ್ತೇನೆಯೇ? ಕೈ ಬೀಸಿಕೊಂಡು ಬಾಗಿಲು ದಾಟಿ, ಕಾರಿಡಾರ್ ದಾಟಿ, ನೇರ ಹೆಡ್‌ಮಿಸ್ ಕೋಣೆಗೇ ನುಗ್ಗಿದೆ. ಹಿಂದೆ ಇಡೀ ತರಗತಿ. ಒಳಗೆ ಯಾರೋ ಗಂಡ ಹೆಂಡತಿ, ಮಗುವನ್ನು ಈ ಶಾಲೆಗೆ ಸೇರಿಸುವುದೋ ಬೇಡವೋ ಎಂದು ವಿಚಾರಿಸಲು ಬಂದವರು. ಮೇಜು ಹೊಟ್ಟೆಗೆ ತಾಗಿದ ಮೇಲೇ ನಿಂತೆ. ಹೆಡ್‌ಮಿಸ್ ನನ್ನನ್ನು ಕಣ್ಣಲ್ಲೇ ನುಂಗಿದರು. ಪುಣ್ಯಕ್ಕೆ ಆ ಗಂಡ ಹೆಂಡತಿಯ ಜೊತೆ ಬಂದಿದ್ದ ಮಗು ಬಿದ್ದು ಬಿದ್ದು ನಕ್ಕು, "ನಾನು ಇದೇ ಸ್ಕೂಲಿಗೆ ಬರ್ತೀನಿ" ಎಂದು ಹಟ ಹಿಡಿಯಿತು.

ಈಗ ಕಪ್ಪೆಯ ಕಥೆ. ನನ್ನ ತರಗತಿಯಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಒಬ್ಬಳು ಉದ್ದಜಡೆ. ಇನ್ನೊಬ್ಬಳು ಬೊಚ್ಚಿ, ಮುಂದಿನ ಹಲ್ಲುಗಳು ಬಿದ್ದಿವೆ. ಜಗಳವಿಲ್ಲದ ದಿನವಿಲ್ಲ, ಬೇರೆ ಕೂರಿಸಿದರೆ ಇಬ್ಬರೂ ಅಳುತ್ತಾರೆ. ನಮ್ಮಿಬ್ಬರದೇ ತಳಿ. ಒಂದೇ ಕಂಪ್ಯೂಟರ್ ಕೊಟ್ಟು, ಎರಡು ಗೊಂಬೆ ಮಾತಾಡಿಕೊಳ್ಳುವ ಹಾಗೆ ಮಾಡಿ ಎಂದೆ. ಉದ್ದಜಡೆಯದು ಕಪ್ಪೆ, ಬೊಚ್ಚಿಯದು ಬಾತುಕೋಳಿ. ತಮ್ಮದೇ ದನಿ ರೆಕಾರ್ಡ್ ಮಾಡಿ ಗೊಂಬೆಗಳಿಗೆ ಕೊಟ್ಟರು. ಆಟ ಶುರುವಾಗಲು ಒಂದು ಹಸಿರು ಬಾವುಟವಿರುತ್ತದೆ, ಅದನ್ನು ಒತ್ತಿದರು. ನಾನು ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, "ಭೇಷ್! ಎಷ್ಟು ಚೆನ್ನಾಗಿ ಮಾತಾಡ್ತಿವೆ!" ಎಂದೆ.

ಇಡೀ ತರಗತಿ ಗೊಳ್ಳೆಂದಿತು. "ಮಿಸ್, ಅವು ಇನ್ನೂ ಬಾಯೇ ಬಿಟ್ಟಿಲ್ಲ!"

ನನ್ನ ಗಮನ ಎಲ್ಲೋ ಇತ್ತು ಅಂದುಕೋ. ತುಂಡುಗಳನ್ನು ನೋಡಿದರೆ ಉದ್ದಜಡೆ ತನ್ನ ಕಪ್ಪೆಗೆ 'ಬಾತುಕೋಳಿ ಮಾತಾಡಿದ ಮೇಲೆ ಮಾತಾಡು' ಎಂದು ಜೋಡಿಸಿದ್ದಾಳೆ. ಬೊಚ್ಚಿ ತನ್ನ ಬಾತುಕೋಳಿಗೆ 'ಕಪ್ಪೆ ಮಾತಾಡಿದ ಮೇಲೆ ಮಾತಾಡು' ಎಂದಿದ್ದಾಳೆ. ಬಾವುಟ ಒತ್ತಿದರೆ ಏನಾದೀತು? ಎರಡೂ ಒಂದರ ಮುಖ ಒಂದು ನೋಡಿಕೊಂಡು ತೆಪ್ಪಗೆ ನಿಂತಿದ್ದವು.

"ಯಾರಾದ್ರೂ ಒಬ್ರು ಶುರು ಮಾಡ್ಬೇಕಲ್ವಾ?" ಎಂದೆ.

"ನನ್ ಕಪ್ಪೆ ಯಾಕ್ ಮಾಡ್ಬೇಕು? ನಿನ್ನೆ ಜಗಳ ಆದ್ಮೇಲೆ ನಾನೇ ಮೊದ್ಲು ಮಾತಾಡ್ಸಿದ್ದು." ಉದ್ದಜಡೆಯ ಮೂತಿ ಅವಳ ಜಡೆಗಿಂತ ಉದ್ದವಾಯಿತು.

ಬೊಚ್ಚಿ ಗೋಡೆಯ ಗಡಿಯಾರ ನೋಡಿದಳು. "ಹೋಗ್ಲಿ ಬಿಡಿ ಮಿಸ್, ನನ್ ಬಾತುಕೋಳಿನೇ ಮಾತಾಡ್ಲಿ. ಬೆಲ್ ಹೊಡೆದ್ರೆ ಆಟನೇ ಮುಗಿದೋಗತ್ತೆ."

'ಬಾವುಟ ಒತ್ತಿದ ಕೂಡಲೇ ಶುರು' ಎಂಬ ತುಂಡನ್ನು ಎಳೆದು ಬಾತುಕೋಳಿಯ ಸಾಲಿನ ತಲೆಗೆ ಸಿಕ್ಕಿಸಿದಳು. ಬಾತುಕೋಳಿ ಮಾತಾಡಿತು, ಕಪ್ಪೆ ಉತ್ತರ ಕೊಟ್ಟಿತು, ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವತ್ತಿನಿಂದ ಕಾಗದ ತೆಗೆಯುವುದು, ಮಡಿಚಿಡುವುದು ಇದೇ ಆಗಿತ್ತು. ಇವತ್ತು ಗಟ್ಟಿಮನಸ್ಸು ಮಾಡಿ ಕೂತಿದ್ದೇನೆ. ಆಗಲಿ ಅಕ್ಕ, ನಾನೇ ಬಾತುಕೋಳಿ.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ನಿನ್ನ ಆಶೀರ್ವಾದ ನನಗಿರಲಿ. ಶಾಪ ಹಾಕುವುದಿದ್ದರೆ ಕೆಳಗಿನದನ್ನೂ ಓದಿ ಹಾಕು.

ಇಂತಿ ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಮೇಲೆ ಅಲ್ಲಲ್ಲಿ ಸುಳ್ಳು ಬರೆದಿದ್ದೇನೆ. ಮಕ್ಕಳು 'ನಿಲ್ಲಿ' ಎನ್ನುವುದನ್ನು ಮರೆತಿರಲಿಲ್ಲ, ಕಾರಿಡಾರಿನುದ್ದಕ್ಕೂ ಕೂಗುತ್ತಲೇ ಬಂದರಂತೆ. ನಮ್ಮನೆಯವರು ಬಾಯೊಳಗೆ ಮಾತಾಡುವುದಿಲ್ಲ. ಆ ಕಪ್ಪೆ ಏನೆಂದಿತೋ ನನಗಿನ್ನೂ ಗೊತ್ತಿಲ್ಲ. ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಅಕ್ಕ. ಎರಡು ವರ್ಷಕ್ಕೂ ಮೊದಲಿಂದ ಮೆಲ್ಲಗೆ ಹೋಗುತ್ತಾ ಬಂದಿದೆ. ಮೊನ್ನೆ ಡಾಕ್ಟರ್ ಪರೀಕ್ಷೆ ಮಾಡಿ ಖಚಿತವಾಗಿ ಹೇಳಿದರು. ಆವತ್ತು ಫೋನಿನಲ್ಲಿ ನಿನ್ನ ಅಳು ನನಗೆ ನಗುವಿನ ಹಾಗೆ ಕೇಳಿಸಿತು. ನಿನ್ನ ಮಗಳು ಪಾಸಾದಳೇನೋ ಅಂದುಕೊಂಡೆ. ಕಿವಿ ಮಂದ ಎಂದು ಹೇಳಿಕೊಳ್ಳಲು ನಾಚಿಕೆ. ನೀನೇ "ಯಾಕೆ ಹಾಗಂದೆ?" ಎಂದು ಕೇಳಲಿ ಅಂತ ಕಾದೆ. ಬುಧವಾರ ಕಿವಿಗೆ ಯಂತ್ರ ಹಾಕುತ್ತಾರೆ. ಅದರಲ್ಲೂ ಕೇಳಿಸದಿದ್ದರೆ ಶಾಲೆಯನ್ನೂ ಈ ಮಕ್ಕಳನ್ನೂ ಬಿಡಬೇಕಾಗುತ್ತದೆ. ತುಂಬಾ ಹೆದರಿಕೆಯಾಗಿದೆ. ಫೋನ್ ಮಾಡಬೇಡ, ಬಂದುಬಿಡು. ಎದುರಿಗೆ ಕೂತು ಹೊಟ್ಟೆತುಂಬ ಬೈ. ಯಂತ್ರ ಕೈಕೊಟ್ಟರೂ ಚಿಂತೆಯಿಲ್ಲ; ಚಿಕ್ಕಂದಿನಿಂದ ಅಷ್ಟು ಬೈಸಿಕೊಂಡವಳು ನಾನು, ನಿನ್ನ ಬೈಗುಳ ತುಟಿ ನೋಡಿದರೇ ಗೊತ್ತಾಗುತ್ತದೆ.