ಬಕೆಟ್ಟಿನ ಗುರುತು

ಮಾರ್ಚ್ ೧೪, ಗುರುವಾರ

ಅತ್ತೆಯ ಮುಖ ಕಣ್ಣೆದುರಿನಿಂದ ಸರಿಯುತ್ತಲೇ ಇಲ್ಲ.

ಸಿಂಕಿನ ಕೆಳಗೆ ಪೈಪ್ ಸೋರಿ ಕಪಾಟು ಕೊಳೆತದ್ದನ್ನು ನೋಡಲು ಇವತ್ತು ವಿಮೆ ಕಂಪನಿಯಿಂದ ಒಬ್ಬಾತ ಬಂದಿದ್ದ. "ಮೊನ್ನೆ ಇದ್ದಕ್ಕಿದ್ದ ಹಾಗೆ ಪೈಪ್ ಒಡೀತು ಸಾರ್" ಎಂದು ಸಲೀಸಾಗಿ ಹೇಳಿಬಿಟ್ಟೆ. ದಿಢೀರನೆ ಒಡೆದರೆ ಮಾತ್ರ ಪರಿಹಾರ, ತಿಂಗಳುಗಟ್ಟಲೆ ಸೋರಿದ್ದಕ್ಕೆ ಇಲ್ಲ. ಪಾಲಿಸಿಯ ಆ ಸಾಲನ್ನು ನಿನ್ನೆಯಷ್ಟೇ ಓದಿದ್ದೆ. ಅತ್ತೆಗೆ ಹೇಳಿರಲಿಲ್ಲ.

ಅವರು ಆತನಿಗೆ ಚಹಾ ಕೊಡುತ್ತಾ ಹೆಮ್ಮೆಯಿಂದ, "ಕೆಳಗಿನ ಮನೆಗೆ ಒಂದು ಹನಿನೂ ಇಳಿಯೋಕೆ ಬಿಟ್ಟಿಲ್ಲಪ್ಪ. ಆರು ತಿಂಗಳಿಂದ ದಿನಾ ಎರಡು ಸಲ ಬಕೆಟ್ ಖಾಲಿ ಮಾಡ್ತೀನಿ" ಎಂದರು. ಬಕೆಟ್ ಕೂತು ಕೂತು ನೆಲದಲ್ಲಿ ಮೂಡಿದ ದುಂಡನೆಯ ಗುರುತನ್ನು ಆತ ನೋಡಿದ. ನನ್ನನ್ನೂ ನೋಡಿದ. ಏನೋ ಬರೆದುಕೊಂಡ.

ಆತ ಹೋದ ಮೇಲೆ, "ನಿಮ್ಮನ್ನ ಯಾರು ಕೇಳಿದ್ರು?" ಎಂದು ಅತ್ತೆಯ ಮೇಲೆ ಹರಿಹಾಯ್ದೆ. ಸುಳ್ಳು ಹೇಳಿದವಳು ನಾನು. ಪ್ಲಂಬರನ್ನು ಕರೆಸದೆ, ಇನ್ಶೂರೆನ್ಸ್ ಇದೆಯಲ್ಲ ಎಂದು ಉಡಾಫೆ ಮಾಡಿದವಳೂ ನಾನೇ.

"ತಪ್ಪಾಯ್ತಮ್ಮ, ನಂಗೆ ಗೊತ್ತಾಗ್ಲಿಲ್ಲ" ಎಂದರು.

ಈಗ ರಾತ್ರಿ, ಅಡುಗೆಮನೆಯಲ್ಲಿ ದಿನಾ ಕೇಳುವ ಹನಿ ಬೀಳುವ ಸದ್ದೇ ಇಲ್ಲ. ಎದ್ದು ಹೋಗಿ ನೋಡಿದೆ. ನನ್ನ ನಿದ್ದೆ ಕೆಡದಿರಲಿ ಅಂತ ಅತ್ತೆ ಬಕೆಟ್ಟಿನೊಳಗೆ ತಮ್ಮ ಟವೆಲ್ ಹಾಸಿಟ್ಟು ಹೋಗಿ ಮಲಗಿದ್ದಾರೆ.