ಎರಡು ಸಾಲು ಕಡಿಮೆ

ಸಂಶೋಧನಾ ವಿಭಾಗ, ನೆಲಮಾಳಿಗೆ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಕೊಕ್ಕರೆಯ ನಮಸ್ಕಾರ. ಹೇಗಿದ್ದೀಯ? ಮಲಗಿದರೆ ಉಸಿರು ಕಟ್ಟುವುದು ಸ್ವಲ್ಪವಾದರೂ ಕಡಿಮೆಯಾಯಿತಾ, ಇಲ್ಲ ಇನ್ನೂ ಮೂರು ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತೀಯಾ? ಹೊಸ ಮಾತ್ರೆ ಶುರುವಾದ ಮೇಲೆ ಊಟ ಸೇರುವುದಿಲ್ಲ ಎಂದು ಬರೆದಿದ್ದೆ. ಸೇರದಿದ್ದರೂ ಎರಡು ತುತ್ತು ತಿನ್ನು, ಹಟ ಮಾಡಬೇಡ. ಪಕ್ಕದ ಮಂಚದ ಗೊರಕೆ ಅಜ್ಜಿಯನ್ನು ವಿಚಾರಿಸಿದೆ ಎಂದು ಹೇಳು. ಆಕೆ ಗೊರಕೆ ಹೊಡೆದರೆ ಸದ್ದಿಗೆ ನಿದ್ದೆ ಬರುವುದಿಲ್ಲ, ಹೊಡೆಯದಿದ್ದರೆ ಭಯಕ್ಕೆ ನಿದ್ದೆ ಬರುವುದಿಲ್ಲ ಎಂದು ನೀನು ಬರೆದದ್ದನ್ನು ನನ್ನವಳಿಗೆ ಓದಿ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಒಳಗೆ ಹೋಗಿ ತುಂಬಾ ಹೊತ್ತು ಹೊರಗೆ ಬರಲೇ ಇಲ್ಲ. ಫೋನು ಮಾಡೋಣವೆಂದರೆ ನಾಲ್ಕು ಮಾತಿಗೇ ನಿನಗೆ ಕೆಮ್ಮು ಹತ್ತುತ್ತದೆ. ಅದಕ್ಕೇ ಈ ಕಾಗದ. ನೀನೂ ಉತ್ತರ ಬರೆಯಲು ಅವಸರ ಮಾಡಬೇಡ. ಇದನ್ನು ಓದಿದ ಮೇಲೆ ಬರೆಯಬೇಕು ಅನ್ನಿಸುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನವಳು ನಿನಗಾಗಿ ಬೀದಿ ಕಡೆಯ ಕೋಣೆ ಖಾಲಿ ಮಾಡಿ ನನ್ನ ಹಳೆಯ ಕಾಗದದ ಕಟ್ಟುಗಳನ್ನೆಲ್ಲ ಅಟ್ಟಕ್ಕೆ ಏರಿಸಿದ್ದಾಳೆ. ಅಲ್ಲಿ ಇಲಿಗಳಾದರೂ ಓದಲಿ ಎಂದಳು. ಕಿಟಕಿಗೆ ಎದುರಾಗಿ ಮಂಚ ಹಾಕಿದ್ದೇವೆ. ಕರೆಂಟಿನವನು ಬಂದು ತಲೆಗಡೆಯ ಗೋಡೆಗೆ ದೊಡ್ಡ ಪ್ಲಗ್ಗು ಕೂರಿಸಿ ಹೋದ. ಬರುವ ಶುಕ್ರವಾರ ಪರಿಹಾರ ಮಂಡಳಿಯವರು ನಿನ್ನ ಮೇಲ್ಮನವಿ ಕೇಳಿ, ಈ ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ಒಪ್ಪಿಕೊಂಡರೆ ಆಮ್ಲಜನಕದ ಯಂತ್ರ ಕೊಡುತ್ತಾರೆ. ಯಂತ್ರ ಬಂದರೆ ಡಾಕ್ಟರಮ್ಮ ನಿನ್ನನ್ನು ಮನೆಗೆ ಬಿಡುತ್ತಾರೆ. ಒಪ್ಪದಿದ್ದರೆ ಕೊನೆಯವರೆಗೂ ಆ ವಾರ್ಡೇ ಗತಿ. ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡು! ಇಪ್ಪತ್ತೆರಡು ವರ್ಷದಿಂದ ಇದೇ ತಾನೇ ನನ್ನ ಕಸುಬು, ಆಯ್ಕೆ ಒಂದು, ಆಯ್ಕೆ ಎರಡು ಎಂದು ಬರೆಯುವುದು. ಕೈಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಹೋದ ಕಾಗದದಲ್ಲಿ ನೀನು ಮಂಡಳಿಯವರು ಅರ್ಜಿ ತಳ್ಳಿಹಾಕಿದ ಪತ್ರದಿಂದ ಎರಡು ಸಾಲು ನಕಲು ಮಾಡಿ ಕಳಿಸಿದ್ದೆ. ‘ಇಂಥ ಕಾರ್ಮಿಕರಲ್ಲಿ ಹಲವರ ಮನೆಗಳಲ್ಲಿ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಇದ್ದುದರಿಂದ, ಶ್ವಾಸಕೋಶದ ಹಾನಿಗೆ ಕಲ್ಲಿನ ಧೂಳೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂಬ ಅಭಿಪ್ರಾಯವೂ ಇದೆ.’ ಅದರ ಕೆಳಗೆ ನಿನ್ನ ಗುಂಡು ಅಕ್ಷರದಲ್ಲಿ, ‘ಇದು ನಿಮ್ಮ ಆಫೀಸಿನ ವರದಿಯಿಂದ ಎತ್ತಿದ್ದಂತೆ ಕಣೋ. ಇದನ್ನ ಬರೆದ ಪುಣ್ಯಾತ್ಮ ನಮ್ಮ ಅಡುಗೆಮನೆಗೆ ಯಾವಾಗ ಬಂದಿದ್ದ? ಸ್ವಲ್ಪ ವಿಚಾರಿಸು’ ಎಂದಿತ್ತು. ವಿಚಾರಿಸಿದೆ ಅಕ್ಕಾ. ಬಹಳ ದೂರವೇನೂ ಹೋಗಬೇಕಾಗಲಿಲ್ಲ. ಬರೆದವನು ನಾನೇ. ಇಷ್ಟು ಹೇಳಲು ಹದಿನೆಂಟು ದಿನ ಬೇಕಾಯಿತು. ಬಯ್ಯಬೇಕು ಅನ್ನಿಸಿದರೆ ಇಲ್ಲೇ ನಿಲ್ಲಿಸಿ ಬೈದುಕೋ, ಆಮೇಲೆ ಮುಂದಕ್ಕೆ ಓದು.

ನನ್ನ ಕೆಲಸ ಏನೆಂದು ನೀನು ಎಷ್ಟು ಸಲ ಕೇಳಿದ್ದೀಯೋ, ನಾನು ಒಂದು ಸಲವೂ ಸರಿಯಾಗಿ ಹೇಳಿಲ್ಲ. ಮೇಲಿನ ಮಹಡಿಯ ಸಭೆಯಲ್ಲಿ ಕೂತು ದೇಶದ ಕಾನೂನು ಮಾಡುವವರಿಗೆ ಪ್ರತಿಯೊಂದು ವಿಷಯವನ್ನೂ ಓದಿ ತಿಳಿದುಕೊಳ್ಳಲು ಪುರುಸೊತ್ತಿರುವುದಿಲ್ಲ. ನೀರು, ರೈಲು, ಪಿಂಚಣಿ, ಕಲ್ಲಿನ ಧೂಳು, ಯಾವುದೇ ಆಗಲಿ, ನೆಲಮಾಳಿಗೆಯ ನಾವು ಓದಿ ವರದಿ ಬರೆದುಕೊಡುತ್ತೇವೆ. ವರದಿಯಲ್ಲಿ ನಮ್ಮ ಹೆಸರಿರುವುದಿಲ್ಲ, ಒಂದು ಸಂಖ್ಯೆ ಇರುತ್ತದೆ. ‘ಬೇಕು’ ಎಂಬ ಪದ ಬರೆಯುವಂತಿಲ್ಲ, ‘ಪರಿಗಣಿಸಬಹುದು’ ಎಂದೇ ಬರೆಯಬೇಕು. ಮನೆಯಲ್ಲೂ ನಾನು ಹೀಗೇ ಮಾತಾಡುತ್ತೇನಂತೆ, ಕಾಫಿ ಬೇಕಾ ಎಂದರೆ ಪರಿಗಣಿಸಬಹುದು ಅನ್ನುತ್ತೀರಿ ಎಂದು ನನ್ನವಳು ಗೋಳು ಹೊಯ್ದುಕೊಳ್ಳುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ. ಎಡಗಡೆಯ ಪುಟದಲ್ಲಿ ಪರವಾದ ವಾದ, ಬಲಗಡೆಯ ಪುಟದಲ್ಲಿ ವಿರೋಧದ ವಾದ, ಎರಡೂ ಸಾಲಿಗೆ ಸಾಲು ಸಮನಾಗಿರಬೇಕು. ಹಿಂದೆ ಯಾರೋ ಒಬ್ಬ ಸದಸ್ಯರು ವರದಿಯನ್ನು ಸಭೆಯಲ್ಲಿ ಎತ್ತಿಹಿಡಿದು, ಪರವಾಗಿ ನಲವತ್ತು ಸಾಲು, ವಿರೋಧವಾಗಿ ಮೂವತ್ತಮೂರು, ಇದೇನು ಸಂಶೋಧನೆಯೋ ಪ್ರಚಾರವೋ ಎಂದು ಕೂಗಾಡಿದರಂತೆ. ನಮ್ಮ ಮುಖ್ಯಸ್ಥರ ಕೆಲಸ ಹೋಗುವುದರಲ್ಲಿತ್ತು. ಅಂದಿನಿಂದ ಅವರು ಪ್ರತಿ ವರದಿಯ ಮೇಲೂ ಮರದ ಸ್ಕೇಲು ಇಟ್ಟು ನೋಡುತ್ತಾರೆ. ನಾವು ಅವರನ್ನು ಸ್ಕೇಲು ಸಾಹೇಬರು ಎಂದೇ ಕರೆಯುವುದು. ಕೆಟ್ಟವರಲ್ಲ, ಪಾಪ. ನನಗೆ ಜ್ವರ ಬಂದಾಗ ಮನೆಗೆ ಬಂದು ನೋಡಿ ಹೋದವರು ಅವರೊಬ್ಬರೇ.

ಕಲ್ಲಿನ ಧೂಳಿನ ಮಸೂದೆ ಬಂದಾಗ ಆ ವರದಿಯನ್ನು ನಾನೇ ಕೇಳಿ ತೆಗೆದುಕೊಂಡೆ. ಹತ್ತೊಂಬತ್ತು ವರ್ಷ ನೀನು ಅಡುಗೆಕಟ್ಟೆಯ ಕಲ್ಲುಗಳಿಗೆ ಹೊಳಪು ಕೊಟ್ಟು, ನಿನ್ನ ಎದೆಯೊಳಗೆ ಅದೇ ಕಲ್ಲಿನ ಪುಡಿ ಕೂತಿರುವಾಗ ಬೇರೆಯವರ ಕೈಗೆ ಕೊಡುವುದು ಹೇಗೆ? ಕಾಯಿದೆಯಾದರೆ ನಿನ್ನಂಥವರ ಕಾಯಿಲೆ ತಾನಾಗಿಯೇ ಪರಿಹಾರದ ಪಟ್ಟಿಗೆ ಸೇರುತ್ತಿತ್ತು, ಯಾರೂ ಯಾವ ಮಂಡಳಿಯ ಮೆಟ್ಟಿಲನ್ನೂ ಹತ್ತಬೇಕಾಗಿರಲಿಲ್ಲ. ಎಷ್ಟು ಹುರುಪಿನಿಂದ ಬರೆದೆ ಗೊತ್ತಾ! ನಿಮ್ಮ ಡಾಕ್ಟರಮ್ಮ ಮಾಡಿದ ಎಣಿಕೆಯನ್ನೂ ಹುಡುಕಿ ತೆಗೆದು ಎಂಟನೇ ಪುಟದಲ್ಲಿ ಸೇರಿಸಿದೆ. ‘ಹೊಳಪು ವಿಭಾಗವೊಂದರಲ್ಲಿ ಹತ್ತು ವರ್ಷ ಮೀರಿ ದುಡಿದ ಹದಿನಾಲ್ಕು ಹೆಂಗಸರಲ್ಲಿ ಹನ್ನೊಂದು ಮಂದಿಗೆ ಶ್ವಾಸಕೋಶ ಗಟ್ಟಿಯಾಗಿದೆ, ಇವರಲ್ಲಿ ಒಬ್ಬರೂ ಧೂಮಪಾನ ಮಾಡಿದವರಲ್ಲ.’ ಆ ಹನ್ನೊಂದರಲ್ಲಿ ನೀನೊಬ್ಬಳು. ಎಂಟನೇ ಪುಟವನ್ನು ಮಾತ್ರ ನಕಲು ತೆಗೆದು, ಆ ಎರಡು ಸಾಲಿನ ಕೆಳಗೆ ಗೆರೆ ಹಾಕಿ ನಿನಗೆ ಕಳಿಸಿದ್ದೆ, ಬರೆದದ್ದು ನಾನೆಂದು ಹೇಳದೆ. ನೀನು ಅದನ್ನು ಇಡೀ ವಾರ್ಡಿಗೆ ಗಟ್ಟಿಯಾಗಿ ಓದಿ ಹೇಳಿ, ‘ನೋಡ್ರೇ, ನಾವೂ ಪುಸ್ತಕದಲ್ಲಿ ಬಂದ್ವಿ’ ಅಂದೆಯಂತೆ. ಒಂಬತ್ತನೇ ಪುಟವನ್ನು ನಾನು ಕಳಿಸಲಿಲ್ಲ.

ಆ ಒಂಬತ್ತನೇ ಪುಟದಲ್ಲೇ ಎಡವಟ್ಟಾದದ್ದು. ಅಂದು ಶುಕ್ರವಾರ ಸಂಜೆ, ಐದಕ್ಕೆ ಮುದ್ರಣದವರು ಬಾಗಿಲು ಹಾಕುತ್ತಾರೆ. ಸಾಹೇಬರು ಸ್ಕೇಲು ಇಟ್ಟು ನೋಡಿ, ‘ಪರ ಮೂವತ್ತೊಂದು, ವಿರೋಧ ಇಪ್ಪತ್ತೊಂಬತ್ತು. ಎರಡು ಸಾಲು ಕಡಿಮೆ ಇದೆಯಲ್ಲಪ್ಪಾ’ ಅಂದರು. ವಿರೋಧವಾಗಿ ಹೇಳಲು ಇದ್ದದ್ದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದೆ. ಕಾರ್ಖಾನೆಯವರೇ ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ. ಹಾಗಾದರೆ ಪರದಲ್ಲಿ ಎರಡು ತೆಗೆಯುವುದಾ? ನನಗೆ ಮನಸ್ಸು ಬರಲಿಲ್ಲ. ಕೂತೆ, ಪೆನ್ನು ತೆರೆದೆ, ನಾಲ್ಕು ನಿಮಿಷದಲ್ಲಿ ಎರಡು ಸಾಲು ಬಂದುಬಿಟ್ಟವು. ಎಲ್ಲಿಂದ ಬಂದವು ಎಂದು ಕೇಳುತ್ತೀಯಾ? ನಿನ್ನ ಬಾಯಿಂದಲೇ.

ನೆನಪಿದೆಯಾ, ಮೊದಲ ಸಲ ಎದೆಯ ಚಿತ್ರ ತೆಗೆಸಿಕೊಂಡು ನೀನು ಮನೆಗೆ ಬಂದ ದಿನ? ಅಮ್ಮ ಒಲೆಯ ಮುಂದೆ ಕುಕ್ಕರಿಸಿದವಳು ಏಳಲೇ ಇಲ್ಲ. ಹದಿನಾರನೇ ವಯಸ್ಸಿಗೆ ನಿನ್ನನ್ನು ಆ ಕಾರ್ಖಾನೆಗೆ ತಾನೇ ಕರೆದುಕೊಂಡು ಹೋಗಿ ಸೇರಿಸಿದ್ದು, ನಾನು ಓದಲಿ ಎಂದು ಸೇರಿಸಿದ್ದು, ಅದೆಲ್ಲ ಅವಳ ಮುಖದ ಮೇಲೇ ಇತ್ತು. ನೀನು ಚೀಲ ಕೆಳಗಿಟ್ಟು ನಗುತ್ತಾ ಅಂದೆ, ‘ಅಯ್ಯೋ ಹೋಗಮ್ಮಾ, ಕಾರ್ಖಾನೆ ಏನು ಮಾಡ್ತು? ನಿನ್ನ ಈ ಒಲೆ ಹೊಗೆ ಕುಡಿದೂ ಕುಡಿದೂ ಹೀಗಾಗಿದೆ.’ ಅಮ್ಮ ನಂಬಿದಳು. ನಂಬಿಕೊಂಡೇ ತೀರಿಹೋದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು, ನೀನು ಯಾಕೆ ಹೇಳಿದೆ ಎಂಬುದೂ ಗೊತ್ತಿತ್ತು. ಹಾಗಿದ್ದೂ ಆ ಶುಕ್ರವಾರ ಸಂಜೆ ಅದನ್ನೇ ಎತ್ತಿಕೊಂಡು ‘ಎಂಬ ಅಭಿಪ್ರಾಯವೂ ಇದೆ’ ಎಂದು ಬಾಲ ಸೇರಿಸಿದೆ. ನಮ್ಮ ಅಡುಗೆಮನೆಗೆ ಬಂದಿದ್ದ ಪುಣ್ಯಾತ್ಮ ಇವನೇ, ನಿನ್ನ ಸಂಬಳದಲ್ಲಿ ಓದಿದವನು. ಬರೆಯುವಾಗ ಒಂದು ಚೂರು ಅಳುಕು ಸಹ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಾಲು ಸರಿಯಾಯಿತಲ್ಲ ಎಂದು ನಿರಾಳವಾಗಿ ಬಸ್ಸು ಹತ್ತಿದೆ.

ಸಭೆಯಲ್ಲಿ ಆ ದಿನ ನಾವೆಲ್ಲ ಕೆಳಗೆ ಕೂತು ಧ್ವನಿವರ್ಧಕದಲ್ಲಿ ಕೇಳುತ್ತಿದ್ದೆವು. ಒಬ್ಬ ಸದಸ್ಯರು ಎದ್ದು ನಿಂತರು. ಇಪ್ಪತ್ತನಾಲ್ಕು ಪುಟದಲ್ಲಿ ಅವರು ಓದಿದ್ದು ಎರಡೇ ಸಾಲು. ನಮ್ಮದೇ ಸಂಶೋಧನಾ ವಿಭಾಗ ಹೇಳುತ್ತಿದೆ, ಒಲೆ ಹೊಗೆಗೆ ಕಾರ್ಖಾನೆಗಳನ್ನು ಹೊಣೆ ಮಾಡುವುದು ಯಾವ ನ್ಯಾಯ ಎಂದರು. ಮೇಜು ತಟ್ಟಿದ ಸದ್ದು ಕೇಳಿಸಿತು. ಮಸೂದೆ ಹೆಚ್ಚಿನ ಪರಿಶೀಲನೆಗೆ ವಾಪಸು ಹೋಯಿತು, ಅಧಿವೇಶನ ಮುಗಿಯಿತು, ಅದರ ಜೊತೆ ಮಸೂದೆಯ ಕತೆಯೂ ಮುಗಿಯಿತು. ಇನ್ನು ಅದನ್ನು ಯಾರು ತರುತ್ತಾರೋ, ಯಾವ ಕಾಲಕ್ಕೋ. ತಂದರೂ ನಿನಗೆ, ಆ ಉಳಿದ ಹತ್ತು ಮಂದಿಗೆ ಪ್ರಯೋಜನವಿಲ್ಲ. ಸುಳ್ಳು ಸಮಾಧಾನ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಹೇಳಲು ಬರುತ್ತಿದ್ದದ್ದು ನಿನಗೊಬ್ಬಳಿಗೇ.

ನಿನ್ನ ಕಾಗದ ಬಂದ ಮಾರನೆಯ ದಿನ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಆ ಸಾಲಿಗೆ ಆಧಾರವಿಲ್ಲ, ನನ್ನ ಅಕ್ಕ ಅಮ್ಮನನ್ನು ಸಮಾಧಾನ ಮಾಡಲು ಆಡಿದ ಮಾತು ಅದು ಎಂದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಂಡಳಿಯ ಮುಂದೆ ಬಂದು ಹೇಳುತ್ತೇನೆ ಎಂದೆ. ವರದಿ ಬರೆದವರು ಯಾರೆಂದು ಹೊರಗೆ ಹೇಳುವಂತಿಲ್ಲ, ಹೇಳಿದರೂ ಮಂಡಳಿಯವರು ನೋಡುವುದು ಮುದ್ರಿಸಿದ ಕಾಗದವನ್ನು ಮಾತ್ರ, ಬಾಯಿಮಾತನ್ನಲ್ಲ ಎಂದರು. ಮಂಡಳಿಯ ಗುಮಾಸ್ತರಿಗೂ ಫೋನು ಮಾಡಿ ಕೇಳಿದೆ, ಅದೇ ಮಾತು. ಆದರೆ ಆಧಾರವಿಲ್ಲದ ಸಾಲನ್ನು ತಿದ್ದಲೇಬೇಕು ಎಂದು ಸಾಹೇಬರು ತಾವೇ ಮೇಲಿನವರ ಸಹಿ ಹಾಕಿಸಿಕೊಂಡು ಬಂದರು. ಹೊಸ ಆವೃತ್ತಿ ನಿನ್ನೆ ಬಂತು. ಒಂಬತ್ತನೇ ಪುಟದಲ್ಲಿ ಈಗ ಒಲೆಯೂ ಇಲ್ಲ, ಹೊಗೆಯೂ ಇಲ್ಲ. ಎಂಟನೇ ಪುಟದ ಬಿಡಿ ಹಾಳೆ ಮಂಡಳಿಯಲ್ಲಿ ನಡೆಯುವುದಿಲ್ಲ, ಇಡೀ ವರದಿಯನ್ನೇ ಮೊಹರಿನ ಸಮೇತ ಕಳಿಸು ಎಂದು ಬರೆದಿದ್ದೆಯಲ್ಲ, ಮೊಹರು ಹಾಕಿಸಿ ಇದರ ಜೊತೆಗೇ ಇಟ್ಟಿದ್ದೇನೆ. ಶುಕ್ರವಾರ ಡಾಕ್ಟರಮ್ಮ ನಿನ್ನ ಜೊತೆಗೇ ಬರುತ್ತಾರೆ ಎಂದು ಕೇಳಿ ಸ್ವಲ್ಪ ಧೈರ್ಯವಾಯಿತು. ಗಾಲಿಕುರ್ಚಿ ಬೇಡ, ನಡೆದೇ ಹೋಗುತ್ತೇನೆ ಎಂದು ಅಲ್ಲಿ ದೊಡ್ಡಸ್ತಿಕೆ ತೋರಿಸಬೇಡ.

ನೀನು ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನನ್ನವಳಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಮೂರನೆಯ ದಿನ ತಟ್ಟೆ ಹಾಕುತ್ತಾ, ‘ಅವರು ಬರ್ತಾರೆ, ಬಂದ ಮೇಲೆ ಕಾಲು ಹಿಡ್ಕೊಳ್ಳಿ’ ಅಂದಳು. ಅವಳಿಗಿನ್ನೂ ನೀನು ಬರುತ್ತೀಯ ಎಂಬ ನಂಬಿಕೆ ಇದೆ. ದಿನಾ ಆ ಕೋಣೆ ಗುಡಿಸುತ್ತಾಳೆ.

ಡಾಕ್ಟರಮ್ಮನಿಗೆ ನಮಸ್ಕಾರ ತಿಳಿಸು. ಗೊರಕೆ ಅಜ್ಜಿ ನೂರು ವರ್ಷ ಗೊರಕೆ ಹೊಡೆಯಲಿ. ನೀನು ಬೆಚ್ಚಗೆ ಹೊದ್ದುಕೋ, ಕಿಟಕಿ ತೆರೆಯಬೇಡ, ಬೀದಿಯ ಧೂಳು ಬರುತ್ತದೆ.

ನಿನ್ನ ತಮ್ಮ,
ಕೊಕ್ಕರೆ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊಸ ವರದಿಯ ಎಂಟನೇ ಪುಟದಲ್ಲಿ ನಿಮ್ಮ ಹನ್ನೊಂದು ಮಂದಿಯನ್ನು ಹುಡುಕಬೇಡ. ವಿರೋಧದಲ್ಲಿ ಎರಡು ಸಾಲು ಹೋದ ಮೇಲೆ ಸಾಹೇಬರು ಸ್ಕೇಲು ಇಟ್ಟರು. ಪರದಲ್ಲೂ ಎರಡು ಹೋಗಬೇಕು ಅಂದರು. ಬಲಗಡೆಗೆ ಬೇರೆ ಏನಾದರೂ ಬರೆದು ತುಂಬುತ್ತೇನೆ ಎಂದೆ, ‘ಮತ್ತೆ ಅದೇ ಕೆಲಸವಾ?’ ಎಂದು ನನ್ನ ಮುಖ ನೋಡಿದರು. ಕೆಂಪು ಪೆನ್ಸಿಲ್ ಕೊಟ್ಟು, ಯಾವುದು ತೆಗೆಯುವುದು ನೀನೇ ಹೇಳು ಅಂದರು. ಉಳಿದವೆಲ್ಲ ಸಾವಿರಾರು ಜನರ ಅಧ್ಯಯನಗಳು. ಹದಿನಾಲ್ಕೇ ಜನರದ್ದು ನಿಮ್ಮದೊಂದೇ, ಸರಿಯಾಗಿ ಎರಡೇ ಸಾಲು. ನಾನೇ ಗೆರೆ ಎಳೆದೆ ಅಕ್ಕಾ. ಹಳೆಯ ವರದಿಗೂ ಮೊಹರು ಹಾಕಿಸಿ ಇದರೊಳಗೇ ಇಟ್ಟಿದ್ದೇನೆ. ಹಳೆಯದರಲ್ಲಿ ನೀನೂ ಇದ್ದೀಯ, ನನ್ನ ಹೊಗೆಯೂ ಇದೆ. ಹೊಸದರಲ್ಲಿ ಎರಡೂ ಇಲ್ಲ. ಶುಕ್ರವಾರ ಯಾವುದನ್ನು ತೆಗೆದುಕೊಂಡು ಹೋಗುತ್ತೀಯೋ ನೀನೇ ನೋಡು. ನನ್ನನ್ನು ಮಾತ್ರ ಕೇಳಬೇಡ.