ಹಾಡು ಅಳಿಸಿದ್ದು ಯಾರು

ಮೈಲಾರಿ,

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಶಾರದವ್ವ ಇವತ್ತು ನಮ್ಮ ಕೂಲಿಕಾರರ ಸಂಘದ ಕೋಣೆಗೆ ಬಂದು, "ಮೈಲಾರಿ ಹಾಡಿದ್ದು ಹಚ್ಚೋ ತಮ್ಮಾ" ಅಂದಳು. ನೀನು ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರಿನಲ್ಲಿ ನಿನ್ನ ಒಂದು ಹಾಡೂ ಇರಲಿಲ್ಲ. ವೈಫೈ ಮೇಲೆ ನನ್ನ ಫೋನಿನ ಹಾಡುಗಳು ಅದಕ್ಕೆ ತಾವಾಗಿ ಬರುವಂತೆ ಜೋಡಿಸಿದವನೂ ನೀನೇ. ದೂರದಿಂದಲೇ ಒಳಹೊಕ್ಕು ಅಳಿಸಿದ್ದೀಯ ಎಂದು ನಾನು ಎಲ್ಲರೆದುರು ಹೇಳಿದೆ. ಮುಷ್ಕರದ ಸುದ್ದಿಯನ್ನು ವರ್ತಕರಿಗೆ ಮುಟ್ಟಿಸಿದವನಿಗೆ ಇದು ಯಾವ ದೊಡ್ಡ ಕೆಲಸ?

"ಅಂವ ಅಂಥಾಂವ ಅಲ್ಲ, ಬಿಡಪಾ" ಅಂದಳು ಶಾರದವ್ವ.

ಅವಳಿಗೆ ಸಾಕ್ಷಿ ತೋರಿಸಲೆಂದು ಕಂಪ್ಯೂಟರಿನ ದಾಖಲೆ ತೆಗೆದೆ. ಅಳಿಸಿದ್ದು ನನ್ನ ಫೋನು. ವರ್ತಕರಿಗೆ ಸುದ್ದಿ ಕೊಟ್ಟೆಯೆಂದು ನಿನ್ನನ್ನು ಸಂಘದಿಂದ ಹೊರಹಾಕಿದ ದಿನ ಸಿಟ್ಟಿನಲ್ಲಿ ನಿನ್ನ ಹಾಡುಗಳನ್ನು ಫೋನಿನಿಂದ ತೆಗೆದಿದ್ದೆ. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಹೋಗುತ್ತದೆಂದು ನೀನು ಮೊದಲೇ ಹೇಳಿದ್ದೆ.

ವರ್ತಕರ ವಿಷಯದಲ್ಲಿ ನಿನ್ನ ಮೇಲೆ ತಪ್ಪು ಹೊರಿಸುವಾಗ ನಾನು ಯಾವ ದಾಖಲೆಯನ್ನೂ ತೆಗೆದು ನೋಡಿರಲಿಲ್ಲ.